ದೂರದಲ್ಲಿ ಕೆಟ್ಟು ನಿಂತ ವಿಮಾನಕ್ಕೆ ಎಂಜಿನ್ ಹೋಗುವ ಬಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ದಾರಿಗಳು ಕಿಬ್ಬನಹಳ್ಳಿ ಕ್ರಾಸಿನಲ್ಲಿ ಕೂಡುತ್ತವೆ. ಆ ಸುತ್ತಿನಲ್ಲಿ ಕೊಬ್ಬರಿ ಹೇರಿದ ಲಾರಿಯೊಂದು ಕೆಟ್ಟು ನಿಂತಿರುವುದನ್ನು ಈ ಸೀಮೆಯ ವಿದ್ಯಾರ್ಥಿಗಳು ಒಂದಲ್ಲ ಒಂದು ದಿನ ನೋಡಿಯೇ ಇರುತ್ತಾರೆ. ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂದೆ ಬರುವವರಿಗೆ ಎಚ್ಚರಿಕೆಯಾಗಲೆಂದು ಸೊಪ್ಪಿನ ಕೊಂಬೆಗಳನ್ನು ರಸ್ತೆಯ ಮೇಲೆ ಇಟ್ಟು, ಚಾಲಕನು ಮರದ ನೆರಳಿನಲ್ಲಿ ಕುಳಿತಿರುತ್ತಾನೆ. ಕ್ಲೀನರು ತುಮಕೂರಿನ ಬಸ್ಸು ಹತ್ತಿರುತ್ತಾನೆ. ಸಂಜೆಯ ಹೊತ್ತಿಗೆ ಬೇಕಾದ ಭಾಗವು ಬಸ್ಸಿನಲ್ಲಿಯೋ ಮತ್ತೊಂದು ಲಾರಿಯಲ್ಲಿಯೋ ಬಂದು ಸೇರುತ್ತದೆ. ರಾತ್ರಿಯೊಳಗೆ ಲಾರಿ ಹೊರಡುತ್ತದೆ.

ಇದರಲ್ಲಿ ಹೇಳಿಕೊಳ್ಳುವಂಥ ವಿಶೇಷವೇನೂ ಇಲ್ಲವೆಂದು ತೋರಬಹುದು. ಆದರೆ ಈ ಕೆಲಸ ಸುಲಭವಾಗುವುದು ಎರಡು ಕಾರಣಗಳಿಂದ. ಕೆಟ್ಟ ಭಾಗಕ್ಕಿಂತ ಅದನ್ನು ತರುವ ವಾಹನ ದೊಡ್ಡದು. ತುಮಕೂರಿಗೂ ಲಾರಿ ನಿಂತ ಸ್ಥಳಕ್ಕೂ ನಡುವೆ ರಸ್ತೆಯಿದೆ. ಈ ಎರಡೂ ಇಲ್ಲದಿದ್ದರೆ ಏನು ಮಾಡಬೇಕು? ಕೆಟ್ಟದ್ದು ವಿಮಾನದ ಎಂಜಿನ್. ಅದು ನಿಂತಿರುವುದು ಸಾವಿರಾರು ಕಿಲೋಮೀಟರು ಆಚೆ, ರಸ್ತೆಯೂ ಇಲ್ಲದ ಊರಿನಲ್ಲಿ. ಬದಲಿ ಎಂಜಿನ್ ಅಲ್ಲಿಗೆ ಹೋಗುವುದು ಹೇಗೆ? ಈ ಪ್ರಶ್ನೆಯನ್ನು ವಿಚಾರಿಸುತ್ತ ಹೋದರೆ, ನಾವು ಪಾಠದಲ್ಲಿ ಓದುವ ಸಂವೇಗ, ಚಲನಶಕ್ತಿ, ಭ್ರಾಮಕ ಮುಂತಾದ ಮಾತುಗಳು ಎಷ್ಟು ನಿಜವಾದ ಸಂಕಟಗಳ ಜೊತೆ ಹೆಣೆದುಕೊಂಡಿವೆ ಎಂಬುದು ತಿಳಿಯುತ್ತದೆ.

ಇದು ನಮಗೆ ದೂರದ ವಿಷಯವೂ ಅಲ್ಲ. ನಮ್ಮ ತೆಂಗಿನ ಸೀಮೆಯ ಎಷ್ಟೋ ಮನೆಗಳ ಮಕ್ಕಳು ಇಂದು ಅಮೆರಿಕದಲ್ಲಿದ್ದಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಯ ಬೋಯಿಂಗ್ 777 ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರಧ್ರುವದ ಮೇಲೆ ಹಾದು, ಎಲ್ಲಿಯೂ ಇಳಿಯದೆ ಜನವರಿ 11ರಂದು ಬೆಂಗಳೂರಿಗೆ ಬಂದು ಸೇರಿತು. ಅಷ್ಟು ದೀರ್ಘವಾದ ಮಾರ್ಗದ ನಡುವೆ ಎಂಜಿನ್ ತೊಂದರೆ ಕೊಟ್ಟರೆ ಇಳಿಯಬೇಕಾದ ನಿಲ್ದಾಣಗಳು ಹಿಮದ ನಾಡಿನಲ್ಲಿರುತ್ತವೆ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಅದೇ ಸಂಸ್ಥೆಯ 777 ವಿಮಾನವು ಒಂದು ಎಂಜಿನಿನ ದೋಷದಿಂದ ರಷ್ಯದ ಪೂರ್ವದಂಚಿನ ಮಗದಾನ್ ಎಂಬಲ್ಲಿ ಇಳಿಯಿತು. ಅದರಲ್ಲಿದ್ದ 216 ಪ್ರಯಾಣಿಕರೂ 16 ಸಿಬ್ಬಂದಿಯೂ ಭಾಷೆ ಬಾರದ ಊರಿನಲ್ಲಿ ದಿನಗಳೆದರು. ಮರುದಿನ ಮುಂಬಯಿಯಿಂದ ಇನ್ನೊಂದು ವಿಮಾನ ಹೊರಟು ಅವರನ್ನು ಗುರಿ ಮುಟ್ಟಿಸಿತು. ಇಂತಹ ಸಂದರ್ಭದಲ್ಲಿ ಮೊದಲು ಸಾಗಬೇಕಾದವರು ಜನ, ಅದು ನ್ಯಾಯವೇ. ಜನ ಹೋದ ಮೇಲೆ ವಿಮಾನ ಉಳಿಯುತ್ತದೆ. ಅದರ ಎಂಜಿನ್ ಅಲ್ಲಿಯೇ ರಿಪೇರಿಯಾಗುವಂತಿದ್ದರೆ ಸರಿ. ಇಲ್ಲವಾದರೆ ಬೇರೆ ಎಂಜಿನ್ ಬರಬೇಕು. ನಾಲ್ಕು ಎಂಜಿನುಗಳ ವಿಮಾನವನ್ನಾದರೆ ಪ್ರಯಾಣಿಕರಿಲ್ಲದೆ ಮೂರರ ಬಲದಿಂದ ಊರಿಗೆ ಹಾರಿಸಿ ತರುವುದುಂಟು. ಎರಡೇ ಎಂಜಿನುಗಳ ವಿಮಾನವು ಒಂದನ್ನೇ ನಂಬಿ ನೆಲ ಬಿಡುವಂತಿಲ್ಲ.

ಎಂಜಿನ್ ಇಷ್ಟು ದೊಡ್ಡದೇಕೆ?

ಇಂದಿನ ವಿಮಾನದ ಎಂಜಿನನ್ನು ಮುಂದಿನಿಂದ ನೋಡಿದರೆ ಕಾಣುವುದು ಒಂದು ಭಾರಿ ಬೀಸಣಿಗೆ. ಬೋಯಿಂಗ್ 777ರ ದೊಡ್ಡ ಮಾದರಿಗಳಿಗೆ ಅಳವಡಿಸಿರುವ ಜಿಇ-90 ಎಂಜಿನಿನಲ್ಲಿ ಈ ಬೀಸಣಿಗೆಯ ವ್ಯಾಸ 3.25 ಮೀಟರು. ಎಂಜಿನಿನ ಉದ್ದ 7 ಮೀಟರಿಗೂ ಮಿಕ್ಕಿದೆ. ತೂಕ ಸುಮಾರು ಎಂಟೂಮುಕ್ಕಾಲು ಟನ್ನು. ಒಳಗೆ ಹೊಕ್ಕ ಗಾಳಿಯಲ್ಲಿ ಸ್ವಲ್ಪ ಭಾಗ ಮಾತ್ರ ಇಂಧನವನ್ನು ಉರಿಸುವ ಕೋಣೆಗೆ ಹೋಗುತ್ತದೆ. ಉಳಿದ ಬಹುಪಾಲು ಗಾಳಿಯನ್ನು ಬೀಸಣಿಗೆಯು ಹೊರಸುತ್ತಿನಿಂದಲೇ ಹಿಂದಕ್ಕೆ ತಳ್ಳುತ್ತದೆ. ಹಿಂದಕ್ಕೆ ತಳ್ಳಿದ ಗಾಳಿಯ ಪ್ರತಿಕ್ರಿಯೆಯೇ ವಿಮಾನವನ್ನು ಮುಂದಕ್ಕೆ ನೂಕುವ ಬಲ. ಇದು ನ್ಯೂಟನ್ನನ ಮೂರನೆಯ ನಿಯಮ.

ಇಷ್ಟು ದೊಡ್ಡ ಬೀಸಣಿಗೆ ಏಕೆ ಬೇಕು? ಸಣ್ಣ ಕೊಳವೆಯಿಂದ ಸ್ವಲ್ಪ ಗಾಳಿಯನ್ನೇ ಬಹಳ ವೇಗವಾಗಿ ಚಿಮ್ಮಿಸಿದರಾಗದೆ? ಆಗುತ್ತದೆ, ಮೊದಲ ಜೆಟ್ ಎಂಜಿನುಗಳು ಮಾಡುತ್ತಿದ್ದುದು ಅದನ್ನೇ. ಆದರೆ ಲೆಕ್ಕ ಹಾಕಿ ನೋಡೋಣ.

ಒಂದು ಎಂಜಿನ್ ಪ್ರತಿ ಸೆಕೆಂಡಿಗೆ 100 ಕಿಲೋಗ್ರಾಂ ಗಾಳಿಗೆ ಸೆಕೆಂಡಿಗೆ 600 ಮೀಟರಿನಷ್ಟು ಹೆಚ್ಚು ವೇಗವನ್ನು ಕೊಡುತ್ತದೆಂದು ಭಾವಿಸೋಣ. ಸೆಕೆಂಡಿಗೆ ಒದಗಿದ ಸಂವೇಗವೇ ನೂಕುಬಲ. ಅದು 100 × 600, ಎಂದರೆ 60,000 ನ್ಯೂಟನ್. ಇನ್ನೊಂದು ಎಂಜಿನ್ 300 ಕಿಲೋಗ್ರಾಂ ಗಾಳಿಗೆ ಸೆಕೆಂಡಿಗೆ 200 ಮೀಟರಿನಷ್ಟು ವೇಗವನ್ನು ಮಾತ್ರ ಕೊಡುತ್ತದೆ. ಅದರ ನೂಕುಬಲವೂ 300 × 200, ಅದೇ 60,000 ನ್ಯೂಟನ್. ಬಲದಲ್ಲಿ ಎರಡೂ ಸಮ. ಆದರೆ ಹೀಗೆ ಹಿಂದೆ ಹಾರಿಹೋದ ಗಾಳಿಯು ತನ್ನೊಡನೆ ಕೊಂಡೊಯ್ದ ಚಲನಶಕ್ತಿ ಎಷ್ಟು? ಚಲನಶಕ್ತಿಯು ದ್ರವ್ಯರಾಶಿ ಮತ್ತು ವೇಗದ ವರ್ಗ ಇವುಗಳ ಗುಣಲಬ್ಧದ ಅರ್ಧ. ಮೊದಲನೆಯದರಲ್ಲಿ ಸೆಕೆಂಡಿಗೆ 1 ಕೋಟಿ 80 ಲಕ್ಷ ಜೂಲ್. ಎರಡನೆಯದರಲ್ಲಿ 60 ಲಕ್ಷ ಜೂಲ್. ಅದೇ ಬಲಕ್ಕೆ ಗಾಳಿಯ ಪಾಲಾದ ಶಕ್ತಿ ಮೂರರಲ್ಲಿ ಒಂದು ಭಾಗಕ್ಕೆ ಇಳಿಯಿತು. ಆ ಶಕ್ತಿಯೆಲ್ಲ ಇಂಧನದಿಂದ ಬರತಕ್ಕದ್ದು ಎಂಬುದನ್ನು ನೆನೆದರೆ ಲಾಭ ಎಷ್ಟೆಂಬುದು ಸ್ಪಷ್ಟವಾಗುತ್ತದೆ.

ನಮ್ಮ ಹಿರಿಯರು ಒಲೆಯ ಕೆಂಡವನ್ನು ಊದುಗೊಳವೆಯಿಂದ ಊದುತ್ತಿದ್ದರು. ಕಣದಲ್ಲಿ ರಾಗಿ ತೂರುವಾಗ ಗಾಳಿ ಬೀಳದಿದ್ದರೆ ಮೊರ ಹಿಡಿದು ಬೀಸುತ್ತಿದ್ದರು. ಊದುಗೊಳವೆಯಿಂದ ರಾಶಿ ತೂರಿದವರನ್ನು ಯಾರೂ ಕಂಡಿಲ್ಲ. ಹೆಚ್ಚು ಗಾಳಿಯನ್ನು ಮೆಲ್ಲಗೆ ನೂಕುವುದು ಕಡಮೆ ಗಾಳಿಯನ್ನು ರಭಸದಿಂದ ನೂಕುವುದಕ್ಕಿಂತ ಮಿತವ್ಯಯದ ಮಾರ್ಗ. ಹೆಚ್ಚು ಗಾಳಿ ಬೇಕಾದರೆ ಬೀಸಣಿಗೆ ಅಗಲವಾಗಬೇಕು. ವ್ಯಾಸ ಇಮ್ಮಡಿಯಾದರೆ ಬೀಸಣಿಗೆಯ ಕ್ಷೇತ್ರಫಲ ನಾಲ್ಮಡಿಯಾಗುತ್ತದೆ. ಆದುದರಿಂದಲೇ ಎಂಜಿನುಗಳ ವ್ಯಾಸ ತಲೆಮಾರಿನಿಂದ ತಲೆಮಾರಿಗೆ ಬೆಳೆಯುತ್ತ ಬಂದಿದೆ. ಎಂಜಿನಿಗೆ ಮಿತವ್ಯಯವನ್ನು ತಂದುಕೊಟ್ಟ ಗುಣವೇ ಅದನ್ನು ಹೊತ್ತು ಸಾಗಿಸುವುದನ್ನು ಕಷ್ಟಗೊಳಿಸಿತು. ಈ ಲೇಖನದ ತಿರುಳು ಇದೇ.

ಹೊಟ್ಟೆಯಲ್ಲಿಟ್ಟು ಒಯ್ಯುತ್ತಿದ್ದ ಕಾಲ

ಈ ಕಷ್ಟ ಮೊದಲು ಇರಲಿಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಕಾರದಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಅದು ಅಮೆರಿಕದ ವಾಯುಪಡೆಯ ಕೈಸೇರಿ, 84ನೆಯ ಏರ್ ಡಿಪೋ ಎನ್ನಿಸಿತು. ಭಾರತ, ಬರ್ಮಾ ರಂಗಗಳಲ್ಲಿ ಹಾರುತ್ತಿದ್ದ ವಿಮಾನಗಳು ಬಿಚ್ಚಿ ದುರಸ್ತಿಯಾಗುತ್ತಿದ್ದುದು ಇಲ್ಲಿ. ಯುದ್ಧ ಮುಗಿಯುವ ವೇಳೆಗೆ ಅದು ಪೂರ್ವದೇಶಗಳಲ್ಲಿಯೇ ದೊಡ್ಡ ದುರಸ್ತಿ ಕೇಂದ್ರಗಳಲ್ಲಿ ಒಂದಾಗಿ ಬೆಳೆದಿತ್ತು.

ಆ ಕಾಲದ ಹೊರೆಯಾಳು ಡಕೋಟ ವಿಮಾನ. ಅದರ ಟ್ವಿನ್ ವಾಸ್ಪ್ ಎಂಜಿನಿಗೆ ಹದಿನಾಲ್ಕು ಸಿಲಿಂಡರುಗಳು, 1,200 ಅಶ್ವಶಕ್ತಿ. ಆದರೂ ಅದರ ವ್ಯಾಸ 1.22 ಮೀಟರು, ತೂಕ ಸುಮಾರು 570 ಕಿಲೋಗ್ರಾಂ ಮಾತ್ರ. ಸೈನ್ಯದ ಡಕೋಟಕ್ಕೆ ಜೀಪನ್ನೇ ಒಳಕ್ಕೆ ಬಿಡುವಷ್ಟು ಅಗಲವಾದ ಬಾಗಿಲಿತ್ತು. ಎಂದರೆ ಒಂದು ಡಕೋಟ ಕೆಟ್ಟು ನಿಂತರೆ ಇನ್ನೊಂದು ಡಕೋಟವು ಅದರ ಎಂಜಿನನ್ನು ತನ್ನ ಹೊಟ್ಟೆಯಲ್ಲಿಯೇ ಇಟ್ಟುಕೊಂಡು ಹೋಗಬಹುದಾಗಿತ್ತು. ಕಿಬ್ಬನಹಳ್ಳಿ ಕ್ರಾಸಿನ ಲಾರಿಗೂ ಡಕೋಟಕ್ಕೂ ಈ ವಿಷಯದಲ್ಲಿ ಭೇದವಿರಲಿಲ್ಲ.

ಐದನೆಯ ಎಂಜಿನ್

ಜೆಟ್ ಯುಗ ಬಂದ ಮೇಲೆ ಎಂಜಿನ್ ಬಾಗಿಲಲ್ಲಿ ಹಿಡಿಸದಾಯಿತು. ಆಗ ಎಂಜಿನಿಯರರು ಹೂಡಿದ ಉಪಾಯ ಸ್ವಾರಸ್ಯವಾದುದು: ಒಳಗೆ ಹಿಡಿಸದಿದ್ದರೆ ಹೊರಗೆ ತೂಗುಹಾಕೋಣ. ಬೋಯಿಂಗ್ 707 ಮತ್ತು 747 ವಿಮಾನಗಳ ಎಡರೆಕ್ಕೆಯಲ್ಲಿ, ವಿಮಾನದ ಮೈಗೂ ಒಳಗಡೆಯ ಎಂಜಿನಿಗೂ ನಡುವೆ, ಒಂದು ಹೆಚ್ಚಿನ ಎಂಜಿನನ್ನು ಕಟ್ಟಲು ಏರ್ಪಾಡು ಮಾಡಿದರು. ನಾಲ್ಕು ಎಂಜಿನುಗಳು ದುಡಿಯುತ್ತವೆ. ಐದನೆಯದು ಸುಮ್ಮನೆ ಸವಾರಿ ಮಾಡುತ್ತದೆ.

ಎಳನೀರಿನ ಗೊನೆಗಳನ್ನು ಸೈಕಲ್ಲಿನ ಒಂದೇ ಪಕ್ಕಕ್ಕೆ ಕಟ್ಟಿ ಹೊರಟವನ ಪಾಡೇನು? ಸೈಕಲ್ಲು ಆ ಕಡೆಗೇ ವಾಲುತ್ತದೆ. ಐದನೆಯ ಎಂಜಿನಿನ ತೊಡಕೂ ಇದೇ. 747ರ ಹಳೆಯ ಮಾದರಿಯ ಎಂಜಿನ್ ಸುಮಾರು 4 ಟನ್ನು ತೂಗುತ್ತಿತ್ತು. ಅದು ವಿಮಾನದ ನಡುಗೆರೆಯಿಂದ 6 ಮೀಟರು ದೂರದಲ್ಲಿದೆ ಎಂದು ಇಟ್ಟುಕೊಂಡರೆ, ಎಡಕ್ಕೆ ವಾಲಿಸುವ ಭ್ರಾಮಕ 4 × 6, ಎಂದರೆ 24 ಟನ್-ಮೀಟರು. ಬಲರೆಕ್ಕೆಯ ತೊಟ್ಟಿಯಲ್ಲಿ ನಡುಗೆರೆಯಿಂದ 12 ಮೀಟರು ದೂರದಲ್ಲಿ 2 ಟನ್ನು ಇಂಧನವನ್ನು ಹೆಚ್ಚಾಗಿ ಇಟ್ಟರೆ ಅದರ ಭ್ರಾಮಕವೂ 24. ತಕ್ಕಡಿ ಸಮವಾಯಿತು. ಮೈಯ ಹತ್ತಿರದ ಭಾರವನ್ನು ದೂರದಲ್ಲಿಟ್ಟ ಅದರ ಅರ್ಧದಷ್ಟು ಭಾರ ತೂಗಬಲ್ಲದು. ಎಂಜಿನನ್ನು ರೆಕ್ಕೆಯ ತುದಿಗೆ ಕಟ್ಟದೆ ಬುಡದ ಹತ್ತಿರ ಕಟ್ಟುವುದೇಕೆಂಬುದೂ ಇದರಿಂದ ತಿಳಿಯುತ್ತದೆ.

ಭಾರ ಸಮವಾದರೆ ಸಾಲದು, ಗಾಳಿಯ ಪ್ರತಿರೋಧವಿದೆ. ಎದುರುಗಾಳಿ ಹೊಕ್ಕರೆ ನಿಂತ ಬೀಸಣಿಗೆಯೂ ತಿರುಗುತ್ತದೆ, ಎಣ್ಣೆ ಹರಿಯದ ಬೇರಿಂಗುಗಳು ಸವೆಯುತ್ತವೆ. ಆದುದರಿಂದ ಬೀಸಣಿಗೆಯ ಎಲೆಗಳನ್ನು ಬಿಚ್ಚಿಯೋ, ಎಂಜಿನಿನ ಬಾಯನ್ನು ಮುಚ್ಚಿಯೋ ಒಯ್ಯುವುದು ವಾಡಿಕೆ. ಇಷ್ಟಾದರೂ ಇಂಧನ ಹೆಚ್ಚು ಖರ್ಚಾಗುತ್ತದೆ. 2016ರ ಜನವರಿಯಲ್ಲಿ ಆಸ್ಟ್ರೇಲಿಯದ ಕ್ವಾಂಟಾಸ್ ಸಂಸ್ಥೆಯ 747 ವಿಮಾನವೊಂದು ಜೊಹಾನೆಸ್‌ಬರ್ಗಿನಲ್ಲಿ ನಿಂತಿದ್ದ ತನ್ನ ಜೊತೆಯ ವಿಮಾನಕ್ಕಾಗಿ ಐದನೆಯ ಎಂಜಿನನ್ನು ಹೊತ್ತು ಸಿಡ್ನಿಯಿಂದ ಹೊರಟಿತು. ಮಾಮೂಲಾಗಿ ಎಲ್ಲಿಯೂ ನಿಲ್ಲದ ಆ ಪ್ರಯಾಣದಲ್ಲಿ ಅದು ಪರ್ತಿನಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕಾಯಿತು.

ಈ ಐದನೆಯ ಎಂಜಿನಿನ ಹೆಸರು ಬಂದಾಗ ಭಾರತೀಯರ ಮನಸ್ಸಿಗೆ ನೋವು ತರುವ ಒಂದು ನೆನಪಿದೆ. 1985ರ ಜೂನಿನಲ್ಲಿ ಟೊರಾಂಟೊದಲ್ಲಿ ಏರ್ ಇಂಡಿಯಾದ ಒಂದು 747 ವಿಮಾನದ ಎಂಜಿನ್ ಕೆಟ್ಟಿತು. ಅದನ್ನು ದುರಸ್ತಿಗಾಗಿ ಭಾರತಕ್ಕೆ ತರಲು, ಎರಡು ವಾರಗಳ ತರುವಾಯ ಅಲ್ಲಿಂದ ಹೊರಟ 'ಕನಿಷ್ಕ' ವಿಮಾನದ ಎಡರೆಕ್ಕೆಗೆ ಕಟ್ಟಿದರು. ಆ ಕೆಲಸದಿಂದ ಹೊರಡುವುದು ಒಂದು ಗಂಟೆ ನಲವತ್ತು ನಿಮಿಷ ತಡವಾಯಿತು. ಜೂನ್ 23ರಂದು ಐರ್ಲೆಂಡಿನ ಸಮೀಪ ಅಟ್ಲಾಂಟಿಕ್ ಸಾಗರದ ಮೇಲೆ ಆ ವಿಮಾನ ಒಡೆದುಹೋಗಿ 329 ಮಂದಿ ಮಡಿದರು. ಇಲ್ಲಿ ವಿದ್ಯಾರ್ಥಿಗಳು ಎಚ್ಚರದಿಂದ ಗಮನಿಸಬೇಕಾದ ಮಾತೊಂದಿದೆ. ಅಸಾಧಾರಣವಾದ ಹೊರೆಯೊಂದು ರೆಕ್ಕೆಯಲ್ಲಿದ್ದುದರಿಂದ ಅದೇ ಕಾರಣವೆಂದು ಊಹಿಸುವುದು ಸುಲಭ. ಆದರೆ ನ್ಯಾಯಮೂರ್ತಿ ಕಿರ್ಪಾಲರ ವಿಚಾರಣೆಯು ಸಮುದ್ರದ ತಳದ ಅವಶೇಷಗಳನ್ನೂ ಧ್ವನಿಮುದ್ರಿಕೆಯನ್ನೂ ಪರಿಶೀಲಿಸಿ, ಸರಕಿನ ಕೋಣೆಯಲ್ಲಿ ಸಿಡಿದ ಬಾಂಬೇ ಕಾರಣವೆಂದು ನಿರ್ಣಯಿಸಿತು. ಎರಡು ಸಂಗತಿಗಳು ಒಟ್ಟಿಗೆ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಐದನೆಯ ಎಂಜಿನ್ ನಿರಪರಾಧಿ.

ಬಾಗಿಲಿಗೆ ಮೀರಿದ ಚಕ್ರ

777ರಂತಹ ಎರಡೆಂಜಿನ ವಿಮಾನಗಳಲ್ಲಿ ಹೆಚ್ಚಿನ ಎಂಜಿನನ್ನು ತೂಗುಹಾಕುವ ಏರ್ಪಾಡಿಲ್ಲ. ಸರಕಿನ 747ರೊಳಗೆ ಇಡೋಣವೆಂದರೆ ಅದರ ಪಕ್ಕದ ಬಾಗಿಲಿನ ಎತ್ತರ 3 ಮೀಟರಿಗಿಂತ ತುಸು ಹೆಚ್ಚು. ಜಿಇ-90ರ ಬೀಸಣಿಗೆ 3.25 ಮೀಟರು, ಅದರ ಸುತ್ತಿನ ಕವಚ ಬೇರೆ. ಉದ್ದನೆಯ ಪೆಟ್ಟಿಗೆಯನ್ನಾದರೆ ಓರೆ ಮಾಡಿ ಬಾಗಿಲಲ್ಲಿ ನುಸುಳಿಸಬಹುದು. ವೃತ್ತಕ್ಕೆ ಎತ್ತ ತಿರುಗಿಸಿದರೂ ಒಂದೇ ವ್ಯಾಸ. ಎತ್ತಿನ ಗಾಡಿಯ ಗಾಲಿಯನ್ನು ಮಲಗಿಸಿ ತಗ್ಗು ಬಾಗಿಲಿನಿಂದ ಒಳಕ್ಕೆ ತಳ್ಳಬಹುದಲ್ಲ, ಎಂದು ಕೇಳಬಹುದು. ತಳ್ಳಬಹುದು, ಗಾಲಿ ತೆಳುವಾಗಿರುವುದರಿಂದ. ಆದರೆ ಗಾಲಿಗೆ ಏಳು ಮೀಟರಿನ ಅಚ್ಚು ಸೇರಿಕೊಂಡಿದ್ದರೆ? ಎಂಜಿನ್ ಅಂತಹ ಅಚ್ಚುಸಹಿತವಾದ ಗಾಲಿ. ಬೀಸಣಿಗೆಯ ಭಾಗವನ್ನು ಮೂಲ ಎಂಜಿನಿನಿಂದ ಬೇರ್ಪಡಿಸಿದರೆ ಎರಡೂ ಬಾಗಿಲಲ್ಲಿ ಹಿಡಿಸುತ್ತವೆ. ಮುಂದೆ ಅವನ್ನು ಪುನಃ ಜೋಡಿಸುವ ಕೆಲಸ ಉಳಿಯುತ್ತದೆ.

ಬಿಚ್ಚದೆ ಒಯ್ಯಬೇಕಾದರೆ ಉಕ್ರೇನಿನ ಆಂಟೊನೋವ್ ವಿನ್ಯಾಸದ ಎಎನ್-124 ವಿಮಾನವೇ ಬೇಕು. 1982ರಲ್ಲಿ ಮೊದಲು ಹಾರಿದ ಈ ವಿಮಾನದ ಮೂತಿ ಮೇಲಕ್ಕೆ ತೆರೆದುಕೊಳ್ಳುತ್ತದೆ. ಒಳಗೆ 6.4 ಮೀಟರು ಅಗಲ, 4.4 ಮೀಟರು ಎತ್ತರದ ಜಾಗವಿದೆ. ಎಂಟೂಮುಕ್ಕಾಲು ಟನ್ನು ಅದಕ್ಕೆ ಭಾರವೇ ಅಲ್ಲ. ನೂರು ಟನ್ನಿಗೂ ಮಿಕ್ಕಿ ಹೊರಬಲ್ಲದು. ಇಲ್ಲಿ ಬೇಕಾದುದು ಬಲವಲ್ಲ, ಬಾಗಿಲು.

2017ರ ಫೆಬ್ರವರಿ 1ರಂದು ಸ್ವಿಸ್ ಸಂಸ್ಥೆಯ 777 ವಿಮಾನವು ಜ್ಯೂರಿಚ್‌ನಿಂದ ಲಾಸ್ ಏಂಜಲೀಸಿಗೆ ಹೋಗುವಾಗ ಒಂದು ಎಂಜಿನ್ ನಿಂತು, ಕೆನಡದ ಉತ್ತರದಲ್ಲಿರುವ ಇಕಾಲುಯಿಟ್ ಎಂಬ ಊರಿನಲ್ಲಿ ಇಳಿಯಿತು. ಆ ಊರನ್ನು ಕೆನಡದ ಉಳಿದ ಭಾಗಕ್ಕೆ ಸೇರಿಸುವ ರಸ್ತೆಯಾಗಲಿ ರೈಲಾಗಲಿ ಇಲ್ಲ. ಚಳಿಗಾಲದಲ್ಲಿ ಸಮುದ್ರವೂ ಹೆಪ್ಪುಗಟ್ಟುತ್ತದೆ. ಪ್ರಯಾಣಿಕರು ಬೇರೆ ವಿಮಾನದಲ್ಲಿ ಮುಂದೆ ಹೋದರು. ಬದಲಿ ಎಂಜಿನ್ ಎಎನ್-124ರ ಹೊಟ್ಟೆಯಲ್ಲಿ ಬಂದಿತು. ಕೊರೆಯುವ ಚಳಿಯಲ್ಲಿ, ಎಂಜಿನಿನ ಸುತ್ತ ಡೇರೆ ನಿಲ್ಲಿಸಿ, ಒಳಗೆ ಬಿಸಿಗಾಳಿ ಬಿಟ್ಟು ಕೆಲಸ ನಡೆಸಿದರು. ಅಷ್ಟು ಭಾರದ ಎಂಜಿನ್ ರೆಕ್ಕೆಗೆ ತೂಗುವುದು ಮುಂದೆ ಹಿಂದೆ ಬಿಗಿದ ಬೆರಳೆಣಿಕೆಯ ಬೋಲ್ಟುಗಳಿಂದ. ಅವನ್ನು ಬಿಚ್ಚುವುದಕ್ಕಿಂತ, ಇಂಧನ, ಎಣ್ಣೆ, ವಿದ್ಯುತ್ತುಗಳ ನಾಳತಂತಿಗಳನ್ನು ಬಿಡಿಸಿ, ಹೊಸದಕ್ಕೆ ಸೇರಿಸಿ, ಸೋರದಂತೆ ಪರೀಕ್ಷಿಸುವುದೇ ಹೆಚ್ಚಿನ ಶ್ರಮ.

ನಿಂತಿದ್ದರೂ ಸವೆಯುವ ಬೇರಿಂಗು

ವಿಮಾನದಿಂದ ಇಳಿದ ಎಂಜಿನ್ ಕೆಲವು ವೇಳೆ ರಸ್ತೆಯ ಮೇಲೂ ಸಾಗಬೇಕು. ಹಾಗೆಂದು ಕೊಬ್ಬರಿ ಮೂಟೆಯಂತೆ ಲಾರಿಯ ಮೇಲೆ ಎಸೆಯುವಂತಿಲ್ಲ. ಗಾಳಿಯ ಸ್ಪ್ರಿಂಗಿನ ವಾಹನ, ಕುಲುಕನ್ನು ಹೀರುವ ಪೀಠ ಇವೆರಡೂ ಬೇಕು. ಆಕಾಶದಲ್ಲಿ ಪ್ರಚಂಡವಾಗಿ ತಿರುಗುವ ಯಂತ್ರ ರಸ್ತೆಯ ಕುಲುಕಿಗೆ ಹೆದರುವುದೆ?

ಹೆದರುತ್ತದೆ. ಬೇರಿಂಗು ತಿರುಗುತ್ತಿರುವಾಗ ಗುಂಡುಗಳ ಕೆಳಕ್ಕೆ ಎಣ್ಣೆಯ ಪೊರೆ ಎಳೆದುಕೊಂಡು ಬರುತ್ತದೆ. ಲೋಹ ಲೋಹವನ್ನು ಮುಟ್ಟುವುದಿಲ್ಲ. ತಿರುಗದೆ ನಿಂತಿರುವಾಗ ಪ್ರತಿ ಗುಂಡೂ ಒಂದೇ ಬಿಂದುವನ್ನು ಒತ್ತುತ್ತಿರುತ್ತದೆ. ಆಗ ಸಣ್ಣಗೆ ನಡುಗಿದರೆ ಎಣ್ಣೆ ಹೊರಕ್ಕೆ ಸರಿದು, ಲೋಹ ಉಜ್ಜಿ, ಅಲ್ಲಿ ಕುಳಿ ಬೀಳುತ್ತದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ರೈಲಿನ ಮೇಲೆ ದೂರ ಸಾಗಿಸಿದ ಹೊಸ ಮೋಟಾರುಗಳ ಗಾಲಿಯ ಬೇರಿಂಗುಗಳು, ಒಂದು ಮೈಲಿಯೂ ಓಡುವ ಮುನ್ನ ಹೀಗೆ ಕೆಟ್ಟಿದ್ದವು. ದುಡಿದು ಸವೆಯುವುದುಂಟು, ಸುಮ್ಮನೆ ನಿಂತು ನಡುಗಿಯೂ ಸವೆಯುವುದುಂಟು.

ದಾರಿಯಿದೆ, ಎಂಜಿನ್ ಇಲ್ಲ

ಕೊನೆಯದಾಗಿ, ಸಾಗಣೆಯ ಉಪಾಯಗಳೆಲ್ಲ ಇದ್ದೂ ಫಲಿಸದ ಒಂದು ಪ್ರಸಂಗವನ್ನು ಹೇಳಬೇಕು. ನಮ್ಮ ದೇಶದ ಗೋ ಫಸ್ಟ್ ಸಂಸ್ಥೆಯ ಬಳಿ 54 ವಿಮಾನಗಳಿದ್ದವು. ಅವುಗಳಲ್ಲಿ ಹೆಚ್ಚಿನವು ಎರಡೆಂಜಿನ ಏರ್‌ಬಸ್ ಎ-320 ನಿಯೋ. ಅವುಗಳ ಎಂಜಿನಿನ ಬೀಸಣಿಗೆ ಸುಮಾರು 2 ಮೀಟರು, ತೂಕ ಮೂರು ಟನ್ನಿಗಿಂತ ಕಡಮೆ. ಸರಕಿನ ವಿಮಾನದ ಬಾಗಿಲಲ್ಲಿ ಸಲೀಸಾಗಿ ಹೋಗುವಂಥದು. ಆದರೆ ಕೆಟ್ಟ ಎಂಜಿನುಗಳಿಗೆ ಬದಲಿ ಸಿಕ್ಕದೆ ತನ್ನ ಅರ್ಧದಷ್ಟು ವಿಮಾನಗಳು ನೆಲದಲ್ಲಿ ನಿಂತಿವೆಯೆಂದು ಹೇಳಿ, ಸಂಸ್ಥೆ 2023ರ ಮೇ 2ರಂದು ದಿವಾಳಿಯ ಅರ್ಜಿ ಸಲ್ಲಿಸಿತು. ಎಂಜಿನ್ ತಯಾರಕರು ಆ ಆರೋಪವನ್ನು ಒಪ್ಪಲಿಲ್ಲ. ವಾದವೇನೇ ಇರಲಿ, ಆ ಸಂಸ್ಥೆ ಮತ್ತೆ ಹಾರಲಿಲ್ಲ. 2025ರ ಜನವರಿಯಲ್ಲಿ ಅದರ ಸಮಾಪನೆಗೆ ಆದೇಶವಾಯಿತು. ಹೊತ್ತು ತರುವ ವಾಹನವಿದ್ದರೂ, ಹೊರಲು ಒಂದು ಎಂಜಿನ್ ಎಲ್ಲಿಯಾದರೂ ಸಿದ್ಧವಾಗಿ ಕಾದಿರಬೇಕು. ಬೆಲೆಬಾಳುವ ಯಂತ್ರವನ್ನು ಕೆಲಸವಿಲ್ಲದೆ ಕೂರಿಸಿಡುವುದು ದುಂದಲ್ಲ. ಮನೆಯ ಅಟ್ಟದಲ್ಲಿ ಮುಂದಿನ ಬಿತ್ತನೆಗೆ ಬೀಜ ಇಟ್ಟಂತೆ ಅದು.

ನಮ್ಮ ನೆರೆಯ ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿ 6ರಂದು ಎಚ್.ಎ.ಎಲ್. ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಈ ಲೇಖನವನ್ನು ಓದುತ್ತಿರುವವರಲ್ಲಿ ಕೆಲವರಾದರೂ ಮುಂದೆ ಅಂತಹ ಕಾರ್ಖಾನೆಗಳಲ್ಲಿ ಯಂತ್ರಗಳನ್ನು ರಚಿಸುವ ಕೆಲಸಕ್ಕೆ ಸೇರಬಹುದು. ಯಂತ್ರವು ಹೇಗೆ ಓಡೀತು ಎಂದು ಯೋಚಿಸುವಾಗಲೇ, ಅದು ದೂರದಲ್ಲಿ ನಿಂತರೆ ಯಾವ ಬಾಗಿಲಿನಿಂದ, ಯಾವ ದಾರಿಯಿಂದ ಅದಕ್ಕೆ ನೆರವು ಹೋದೀತು ಎಂಬುದನ್ನೂ ಅವರು ಯೋಚಿಸಲಿ. ಮುಂದಿನ ಸಲ ಕಿಬ್ಬನಹಳ್ಳಿ ಕ್ರಾಸಿನಲ್ಲಿ ನಿಂತ ಲಾರಿಯನ್ನು ಕಂಡಾಗ ಈ ಪಾಠ ನೆನಪಿಗೆ ಬಂದರೆ ನಮ್ಮ ಶ್ರಮ ಸಾರ್ಥಕ.

ಅಭ್ಯಾಸಕ್ಕೆ

1. ಒಂದು ಎಂಜಿನ್ ಸೆಕೆಂಡಿಗೆ 80 ಕಿಲೋಗ್ರಾಂ ಗಾಳಿಗೆ ಸೆಕೆಂಡಿಗೆ 450 ಮೀಟರು ವೇಗ ಕೊಡುತ್ತದೆ. ಸೆಕೆಂಡಿಗೆ 150 ಮೀಟರು ವೇಗದಿಂದಲೇ ಅದೇ ನೂಕುಬಲ ಪಡೆಯಲು ಎಷ್ಟು ಗಾಳಿ ಬೇಕು? ಎರಡು ಸಂದರ್ಭಗಳಲ್ಲಿ ಗಾಳಿಯ ಪಾಲಾದ ಚಲನಶಕ್ತಿಗಳ ಪ್ರಮಾಣವೇನು?

2. ಸೈಕಲ್ಲಿನ ನಡುಗೆರೆಯಿಂದ ಎಡಕ್ಕೆ 40 ಸೆಂಟಿಮೀಟರು ದೂರದಲ್ಲಿ 12 ಕಿಲೋಗ್ರಾಂ ಎಳನೀರಿನ ಗೊನೆಯಿದೆ. ಬಲಕ್ಕೆ 30 ಸೆಂಟಿಮೀಟರು ದೂರದಲ್ಲಿ ಎಷ್ಟು ತೂಕ ಕಟ್ಟಿದರೆ ಸೈಕಲ್ಲು ವಾಲುವುದಿಲ್ಲ?

3. ಬೀಸಣಿಗೆಯ ವ್ಯಾಸವನ್ನು 1.22 ಮೀಟರಿನಿಂದ 3.25 ಮೀಟರಿಗೆ ಏರಿಸಿದರೆ ಅದರ ಕ್ಷೇತ್ರಫಲ ಎಷ್ಟು ಮಡಿಯಾಗುತ್ತದೆ?